ಜೋಕಾಲಿ ಮಾರಾಟಕ್ಕಿದೆ, ಸಂಬಂಧಿಕರಿಗಲ್ಲ

ನಾನೊಂದು ಜೋಕಾಲಿ ಗೆದ್ದೆ. ಮರುದಿನವೇ ಅದನ್ನು ಕಳೆದುಕೊಂಡೆ.

ನನ್ನ ಕಡೆಯಿಂದ ಏನೂ ತಪ್ಪಾಗಿರಲಿಲ್ಲ. ದುಡ್ಡು ಕೊಡಲು ತಯಾರಿದ್ದೆ. ತರಲು ಟೆಂಪೋ ಕೂಡ ಹೇಳಿಟ್ಟಿದ್ದೆ. ಆದರೆ ಮಾರುವವರು ಹಿಂದೆ ಸರಿದುಬಿಟ್ಟರು. ಕಾರಣ ಏನಿರಬಹುದು ಹೇಳಿ? ಬೇರೆ ಯಾರೋ ಹರಾಜಿನಲ್ಲಿ ಹೆಚ್ಚಿಗೆ ಕೂಗಿದರೇ? ಇಲ್ಲ. ಜೋಕಾಲಿ ಮುರಿಯಿತೇ? ಅದೂ ಇಲ್ಲ.

ನಾನು ಅವರ ಸಂಬಂಧಿಕಳಂತೆ. ಅದೇ ಕಾರಣ.

ಮೊದಲಿನಿಂದ ಹೇಳುತ್ತೇನೆ. ವಿಜಯಪುರ ಜಿಲ್ಲೆಯ ಇಂಡಿಯಲ್ಲಿ ನಾವಿರುವ ಮನೆ ಹಳೆಯದು. (ನಾವು ಅಂದರೆ ನಾನೊಬ್ಬಳೇ. ನಮ್ಮವರು ತೀರಿಕೊಂಡ ಮೇಲೂ ಬಾಯಿಗೆ 'ನಾವು' ಎಂದೇ ಬರುತ್ತದೆ.) ಪಡಸಾಲೆಯ ತೊಲೆಗಳಲ್ಲಿ ನಾಲ್ಕು ಕಬ್ಬಿಣದ ಕೊಂಡಿಗಳಿವೆ. ಈ ಮನೆಯನ್ನು ನಮಗೆ ಮಾರಿದವರು ಜೋಕಾಲಿ ಒಯ್ದರು, ಕೊಂಡಿ ಬಿಟ್ಟು ಹೋದರು. ಬಂದವರೆಲ್ಲ ತಲೆಯೆತ್ತಿ ನೋಡಿ, ಇವು ಯಾಕೆ ಎಂದು ಕೇಳುತ್ತಾರೆ. ಜೋಕಾಲಿಗೆ ಎನ್ನುತ್ತೇನೆ. ಜೋಕಾಲಿ ಎಲ್ಲಿ ಎನ್ನುತ್ತಾರೆ. ಇಲ್ಲ ಎನ್ನುತ್ತೇನೆ. ಆಮೇಲೆ ಇಬ್ಬರೂ ಇನ್ನೊಮ್ಮೆ ತಲೆಯೆತ್ತಿ ಕೊಂಡಿ ನೋಡುತ್ತೇವೆ.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ದಿನವಿಡೀ ನಿಂತು ಬಂದ ಮೇಲೆ ಕಾಲು ಮಡಚಿ ಜೋಕಾಲಿಯ ಮೇಲೆ ಕೂತು ಪುಸ್ತಕ ಓದಬೇಕೆಂಬುದು ನನ್ನ ಆಸೆ. ದೊಡ್ಡ ಆಸೆಯೇನಲ್ಲ. ಆದರೆ ನಮ್ಮ ಊರಿನ ಬಡಗಿಗೆ ಮಾಡಿಕೊಡು ಎಂದರೆ, ಮೊಮ್ಮಕ್ಕಳು ಬರುತ್ತಾರೇನು ಎಂದು ಕೇಳಿದ. ನನಗೇ ಬೇಕು ಎಂದೆ. ಅವನು ಅಳತೆಯ ಟೇಪನ್ನು ಜೇಬಿಗೆ ಹಾಕಿಕೊಂಡು, ನೋಡೋಣ ಎಂದು ಹೋದವನು ಇನ್ನೂ ನೋಡುತ್ತಲೇ ಇದ್ದಾನೆ.

ಹಾಗಾಗಿ ನಾನು ಮೊಬೈಲ್ ಹಿಡಿದೆ. ಹಳೆಯ ಸಾಮಾನು ಹರಾಜು ಹಾಕುವ ಒಂದು ಆ್ಯಪ್ ಇದೆ. ಅದರಲ್ಲಿ ನನಗೆ ಹಿಡಿಸಿದ್ದು ಸಾಮಾನಲ್ಲ, ಮೌನ. ಯಾರೂ ಏನೂ ಕೇಳುವುದಿಲ್ಲ. ನಮ್ಮ ಕಡೆಯ ವ್ಯಾಪಾರ ನಿಮಗೆ ಗೊತ್ತಲ್ಲ? ಸಂತೆಯಲ್ಲಿ ಬದನೆಕಾಯಿ ಆರಿಸಲು ಕೂತರೆ, ತಕ್ಕಡಿ ಎತ್ತುವುದಕ್ಕೆ ಮೊದಲು ಊರು ಯಾವುದು, ಯಾರ ಮನೆಯವರು, ಯಜಮಾನರು ಏನು ಮಾಡುತ್ತಾರೆ ಎಂಬ ಮೂರು ಪ್ರಶ್ನೆ ಬರುತ್ತವೆ. ಮೂರನೆಯದಕ್ಕೆ ನಾನು ಉತ್ತರ ಕೊಟ್ಟ ಮೇಲೆ ಬದನೆಕಾಯಿ ಮಾರುವಾಕೆ ಪಾಪ ಎಂದು ಎರಡು ಹೆಚ್ಚಿಗೆ ಹಾಕುತ್ತಾಳೆ. ನನಗೆ ಬೇಕಾಗಿದ್ದು ಬದನೆಕಾಯಿ, ಪಾಪ ಅಲ್ಲ. ಆ್ಯಪಿನಲ್ಲಿ ಆ ರಗಳೆ ಇಲ್ಲ. ಅಲ್ಲಿ ನನಗೆ ಹೆಸರೂ ಇಲ್ಲ. ನಾನೊಂದು ಅಂಕಿ, ಎದುರಿಗೆ ಕೂಗುವವರು ಇನ್ನೊಂದು ಅಂಕಿ. ಗಣಿತದವಳಿಗೆ ಇನ್ನೇನು ಬೇಕು?

ಮುದ್ದೇಬಿಹಾಳದಿಂದ ಯಾರೋ ಸಾಗವಾನಿ ಜೋಕಾಲಿ ಹಾಕಿದ್ದರು. ಅಗಲವಾದ ಮಣೆ, ಹಿತ್ತಾಳೆಯ ಸರಪಳಿ. ಕೊನೆಯ ಗಳಿಗೆಯವರೆಗೂ 'ಕಿಂಗ್' ಎಂಬ ಯಾರೋ ನನ್ನ ಮೇಲೆ ಕೂಗುತ್ತಿದ್ದ. ನಾನು ಒಲೆ ಆರಿಸಿ, ಚಾಳೀಸು ಹಾಕಿಕೊಂಡು ಕೂತು ಕೂಗಿದೆ. ಗೆದ್ದೆ. ಪರದೆಯ ಮೇಲೆ ಬಣ್ಣದ ಕಾಗದದ ಚೂರು ಉದುರಿದವು. ಎಷ್ಟೋ ವರ್ಷಗಳಿಂದ ನನ್ನ ಮೇಲೆ ಯಾರೂ ಬಣ್ಣದ ಕಾಗದ ಉದುರಿಸಿರಲಿಲ್ಲ.

ಮರುದಿನ ಮಾರಿದವನ ಫೋನ್ ಬಂತು. ಮಲ್ಲಿಕಾರ್ಜುನ ಎಂದು ಹೆಸರು. ಪೈಪು, ನಲ್ಲಿ ಮಾರುವ ಅಂಗಡಿ ಇದೆಯಂತೆ, ಜೊತೆಗೆ ಆ್ಯಪಿನಲ್ಲಿ ಹಳೆಯ ಸಾಮಾನಿನ ವ್ಯವಹಾರ. ಜೋಕಾಲಿ ಅವನ ತಾಯಿಯದು. ಮೊಣಕಾಲು ನೋವು, ಹತ್ತಿ ಕೂಡಲು ಆಗುವುದಿಲ್ಲ, ಮಾರಿಬಿಡು ಎಂದು ತಾಯಿಯೇ ಹೇಳಿದ್ದು. ಹುಡುಗ ಬಹಳ ಮರ್ಯಾದೆಯವನು. ಮಾತಿಗೊಮ್ಮೆ ಮೇಡಂ. ತನಗೆ ಐದಕ್ಕೆ ಐದು ಸ್ಟಾರ್ ಇದೆ, ಒಬ್ಬ ಗಿರಾಕಿಯೂ ಇದುವರೆಗೆ ಬೈದಿಲ್ಲ ಎಂದು ಹೇಳಿಕೊಂಡ.

ಟೆಂಪೋ ಎಲ್ಲಿಂದ ಬರುತ್ತದೆ ಎಂದು ಕೇಳಿದ. ಇಂಡಿ ಎಂದೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಆದರೆ ಹಿಂದಿನಿಂದ ಒಂದು ಹೆಣ್ಣು ದನಿ, ಇಂಡಿಯವರೇ ಏನು ಎಂದು ಕೇಳಿತು. ಇಲ್ಲ, ತವರು ಹಲಸಂಗಿ ಎಂದುಬಿಟ್ಟೆ. (ನಾಲಿಗೆಗೆ ಮೂಳೆ ಇಲ್ಲ ನೋಡಿ.) ಆ ಕಡೆ ಫೋನು ಕೈ ಬದಲಾಯಿತು.

ಈಗ ಮಾತಾಡಿದವರು ಮಲ್ಲಿಕಾರ್ಜುನನ ತಾಯಿ, ಶಾಂತವ್ವ. ಹಲಸಂಗಿಯಲ್ಲಿ ಯಾರ ಪೈಕಿ ಎಂದರು. ಹೇಳಿದೆ. ನಿಮ್ಮ ತಾಯಿಯ ಅಕ್ಕನನ್ನು ಅಗರಖೇಡಕ್ಕೆ ಕೊಟ್ಟಿದ್ದರೇನು ಎಂದರು. ಹೌದೆಂದೆ. ಶಾಂತವ್ವ ನಿಧಾನವಾಗಿ ಬಿಡಿಸಿ ಹೇಳಿದರು. ನನ್ನ ಆ ದೊಡ್ಡವ್ವನ ಗಂಡ ಇವರ ತಂದೆಯ ಅಣ್ಣ. ಅಂದರೆ ನನ್ನ ದೊಡ್ಡವ್ವ ಇವರಿಗೂ ದೊಡ್ಡವ್ವ. ಅಂದರೆ ನಾವಿಬ್ಬರೂ ಅಕ್ಕ ತಂಗಿ.

"ತಂಗಿ ಕಡೆ ರೊಕ್ಕ ಇಸಗೊಂಡು ಜೋಕಾಲಿ ಕೊಡಾಕ ನಾ ಏನ ದುಕಾನ ಇಟ್ಟೇನೇನು?" ಎಂದರು ಶಾಂತವ್ವ.

ಫೋನು ಮತ್ತೆ ಮಗನ ಕೈಗೆ ಬಂತು. ಅವನ ದನಿ ಇಳಿದಿತ್ತು. ನನ್ನನ್ನು ಮೇಡಂ ಎನ್ನುವುದನ್ನು ಬಿಟ್ಟು ಚಿಗವ್ವ ಎಂದ. ಮಾರಾಟ ರದ್ದಾಯಿತು ಎಂದ.

ಹಾಗಾದರೆ ಪುಕ್ಕಟೆ ಕೊಡುತ್ತಾರೇನು ಎಂದು ನೀವು ಕೇಳಬಹುದು. ನಾನೂ (ನಾಚಿಕೆ ಬಿಟ್ಟು) ಅದೇ ಯೋಚಿಸಿದೆ. ಆದರೆ ಅದಕ್ಕೂ ಅಡ್ಡಿ. ಶಾಂತವ್ವನಿಗೆ ಸ್ವಂತ ತಂಗಿಯರು ಇಬ್ಬರಿದ್ದಾರೆ. ಅವರಿಗೆ ಹಬ್ಬಕ್ಕೊಂದು ಕುಬಸದ ಖಣ ಕೊಟ್ಟು, ಎಲ್ಲಿಯೋ ಇದ್ದ ತಂಗಿಗೆ ಜೋಕಾಲಿ ಕೊಟ್ಟರೆ ಅವರು ಸುಮ್ಮನಿರುತ್ತಾರೆಯೇ? ಆದ್ದರಿಂದ ಮಾರುವಂತಿಲ್ಲ, ಕೊಡುವಂತಿಲ್ಲ. ಹೊರಗಿನವರಿಗೆ ಮಾರುವುದೊಂದೇ ದಾರಿ.

ನಾನು ವಾದ ಮಾಡಿದೆ. ನಾವು ಒಬ್ಬರ ಮುಖ ಒಬ್ಬರು ನೋಡಿಲ್ಲ, ನಾನು ಹೊರಗಿನವಳೇ ಎಂದೆ. ಶಾಂತವ್ವ ಫೋನ್ ಇಡಿಸಿದರು.

ಸಂಜೆ ಮಲ್ಲಿಕಾರ್ಜುನ ಅಂಗಡಿಯಿಂದ ಗುಟ್ಟಾಗಿ ಮತ್ತೆ ಫೋನ್ ಮಾಡಿದ. ಮಾರುವವರು ರದ್ದು ಮಾಡಿದರೆ ಸ್ಟಾರ್ ಬೀಳುತ್ತದೆ, ನೀವೇ ಬೇಡ ಅಂದುಬಿಡಿ ಎಂದು ಬೇಡಿಕೊಂಡ. ನಾನು ಬೇಡ ಎಂದರೆ 'ಗೆದ್ದು ಕೈಕೊಟ್ಟವರು' ಎಂದು ನನ್ನನ್ನು ಆ್ಯಪಿನಿಂದ ಹೊರಗೆ ಹಾಕುತ್ತಾರೆ. ನಾನೇಕೆ ಹೋಗಲಿ? ಗೆದ್ದವಳು ನಾನು. ಆಗುವುದಿಲ್ಲ ಎಂದೆ. ಚಿಗವ್ವ ಆಗಿ ಹೀಗೆ ಮಾಡುತ್ತೀರಾ ಎಂದ. ಬೆಳಗಿನವರೆಗೂ ನಾನು ಮೇಡಂ ಆಗಿದ್ದೆನಲ್ಲಪ್ಪ ಎಂದೆ.

ಕೊನೆಗೆ ಅವನೇ ರದ್ದು ಮಾಡಲು ಕೂತ. ಅಲ್ಲಿಯೂ ಪೇಚಾಟ. ಕಾರಣ ಆರಿಸಿ ಎಂದು ಆ್ಯಪು ಕೇಳುತ್ತದೆ. ವಸ್ತು ಹಾಳಾಗಿದೆ. ವಸ್ತು ಕಳೆದಿದೆ. ಖರೀದಿದಾರರು ಸಿಗುತ್ತಿಲ್ಲ. ಇಷ್ಟೇ. ಖರೀದಿದಾರರು ತಾಯಿಯ ತಂಗಿ ಎಂಬ ಕಾರಣವೇ ಇಲ್ಲ. ಆ ಆ್ಯಪು ಬರೆದವರಿಗೆ ದೊಡ್ಡವ್ವ ಇರಲಿಲ್ಲವೇ?

ನಾನೂ ಬಿಡಲಿಲ್ಲ, ದೂರು ಕೊಟ್ಟೆ. ಮಾರಾಟಗಾರರು ಸಂಬಂಧದ ನೆಪ ಹೇಳಿ ಹಿಂದೆ ಸರಿದಿದ್ದಾರೆ ಎಂದು ಬರೆದೆ. ಕೂಡಲೇ ಉತ್ತರ ಬಂತು, ಯಂತ್ರ ಬರೆದ ಕನ್ನಡದಲ್ಲಿ: 'ಪ್ರಿಯ ಗ್ರಾಹಕರೇ, ನಿಮ್ಮ ಸಂಬಂಧಿ ದೋಷಪೂರಿತವಾಗಿದ್ದರೆ ಫೋಟೋ ಲಗತ್ತಿಸಿ.'

ಇದನ್ನು ಸ್ಟಾಫ್ ರೂಮಿನಲ್ಲಿ ಓದಿ ಹೇಳಿದಾಗ ರಫೀಕ್ ಸರ್ ಚಹಾದ ಲೋಟ ಕೆಳಗಿಟ್ಟು ನಕ್ಕರು. ರಫೀಕ್ ಸರ್ ನಮ್ಮ ಶಾಲೆಯಲ್ಲಿ ಇತಿಹಾಸ ಕಲಿಸುತ್ತಾರೆ, ಊರು ಸಿಂದಗಿ. ಜೋಕಾಲಿ ಮತ್ತೆ ಹರಾಜಿಗೆ ಬಂದಿತ್ತು. ನಾನು ಕೂಗುತ್ತೇನೆ, ತಂದು ನಿಮಗೆ ಕೊಡುತ್ತೇನೆ, ನಿಮ್ಮ ದೊಡ್ಡವ್ವನ ಪೈಕಿ ನಾನಂತೂ ಅಲ್ಲವಲ್ಲ ಎಂದರು. ತರ್ಕ ಸರಿಯಿತ್ತು. ಅವರು ಕೂಗಿದರು, ಗೆದ್ದರು. ಫೋನಿನಲ್ಲಿ ಊರು ಕೇರಿ ಏನನ್ನೂ ಹೇಳಬೇಡಿ ಎಂದು ಎಚ್ಚರಿಸಿದ್ದೆ, ಹೇಳಲಿಲ್ಲ. ಭಾನುವಾರ ಟೆಂಪೋ ತೆಗೆದುಕೊಂಡು ಮುದ್ದೇಬಿಹಾಳಕ್ಕೆ ತಾವೇ ಹೋದರು.

ಸಂಜೆ ಟೆಂಪೋ ನನ್ನ ಮನೆಯ ಮುಂದೆ ನಿಂತಿತು. ಹಿಂದಿನ ತೊಟ್ಟಿ ಖಾಲಿ. ರಫೀಕ್ ಸರ್ ಮುಂದೆ ಕೂತಿದ್ದರು, ತೊಡೆಯ ಮೇಲೆ ಒಂದು ತೊಗರಿಬೇಳೆಯ ಚೀಲ.

ಆದದ್ದಿಷ್ಟು. ಜೋಕಾಲಿಯ ಸರಪಳಿ ಬಿಚ್ಚುವುದರೊಳಗೆ ಶಾಂತವ್ವ ನೀರು ಕೊಟ್ಟು ತಂದೆಯ ಹೆಸರು ಕೇಳಿದ್ದಾರೆ. ನೀರು ಕೊಟ್ಟವರಿಗೆ ಸುಳ್ಳು ಹೇಳಲು ಸರ್‌ಗೆ ಬಾಯಿ ಬಂದಿಲ್ಲ. ಅವರ ತಂದೆಗೆ ಸಿಂದಗಿಯಲ್ಲಿ ತೊಗರಿ ಅಡತಿ ಅಂಗಡಿ ಇತ್ತು. ಶಾಂತವ್ವನ ಗಂಡ ತೊಗರಿ ತಂದು ಮಾರುತ್ತಿದ್ದುದು ಅಲ್ಲಿಯೇ. ಸಂತೆಯ ದಿನ ಊಟವೂ ಅವರ ಮನೆಯಲ್ಲಿಯೇ. ಇಬ್ಬರೂ ಒಬ್ಬರಿಗೊಬ್ಬರು ಮಾಮಾ ಎನ್ನುತ್ತಿದ್ದರಂತೆ. ಮಾಮಾನ ಮಗನ ಹತ್ತಿರ ರೊಕ್ಕ ತೆಗೆದುಕೊಂಡರೆ ಸತ್ತವರು ಏನೆಂದಾರು ಎಂದು ಶಾಂತವ್ವ ಕಣ್ಣೊರೆಸಿಕೊಂಡರಂತೆ. ಮಲ್ಲಿಕಾರ್ಜುನ ಗೋಡೆಗೆ ಒರಗಿ ನಿಂತು ಮೊಬೈಲಿನಲ್ಲಿ ಎರಡನೆಯ ಸಲ ಕಾರಣ ಆರಿಸಿದನಂತೆ.

"ಅವರು ನನಗ ಅತ್ತಿ ಆದ್ರು ಮೇಡಂ. ಆ ಲೆಕ್ಕದಾಗ ನೀವೂ ಅತ್ತಿನ ಆಗ್ತೀರಿ," ಎಂದರು ರಫೀಕ್ ಸರ್. ನನಗಿಂತ ಎರಡು ವರ್ಷ ದೊಡ್ಡವರು.

ಆಗ ನನಗೆ ಸಮಸ್ಯೆಯ ಆಕಾರ ತಿಳಿಯಿತು. ಶಾಂತವ್ವ ಗುರುತಿದ್ದವರಿಗೆ ಮಾರುವುದಿಲ್ಲ. ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ, ಈ ನಾಲ್ಕೂ ತಾಲೂಕಿನಲ್ಲಿ ಅವರಿಗೆ ಗುರುತಿಲ್ಲದವರು ಯಾರೂ ಇಲ್ಲ. ಇದ್ದರೂ ಒಂದು ಲೋಟ ನೀರಿನೊಳಗೆ ಗುರುತಾಗಿಬಿಡುತ್ತಾರೆ.

ನಾನೇ ಹೋಗಿ ಮುಖಾಮುಖಿ ಕೇಳಿಬಿಡುವುದೆಂದು, ಮಲ್ಲಿಕಾರ್ಜುನನಿಗೆ ಫೋನ್ ಮಾಡಿ ತಿಳಿಸಿ, ರಜೆಯ ದಿನ ಬಸ್ಸು ಹತ್ತಿದೆ. ಬಾಗೇವಾಡಿಯಲ್ಲಿ ಬಸ್ಸು ಬದಲಿಸಿದಾಗ ಪಕ್ಕದ ಹೆಣ್ಣುಮಗಳು ಎಲ್ಲಿಗೆ, ಯಾರ ಮನೆಗೆ ಎಂದು ಶುರು ಮಾಡಿದಳು. ಈ ಸಲ ಹುಷಾರಾಗಿದ್ದೆ. ಯಾರ ಮನೆಗೂ ಅಲ್ಲ, ಲಿಲಾವಿನಲ್ಲಿ ಗೆದ್ದ ಒಂದು ಸಾಮಾನಿತ್ತು ಎಂದೆ. ಅವಳ ಮುಖ ಬಾಡಿತು. ನಮ್ಮ ಕಡೆ ಲಿಲಾವು ಎಂದರೆ ಬ್ಯಾಂಕಿನವರು ಜಪ್ತಿ ಮಾಡಿ ಹರಾಜು ಹಾಕುವುದು. ಪಾಪ ಯಾರ ಮನೆಯದು ಎಂದು ಪಿಸುಗುಟ್ಟಿದಳು. ಮುಂದಿನ ಸೀಟಿನವರು ತಿರುಗಿ ನನ್ನನ್ನು ನೋಡಿದರು. ಮುದ್ದೇಬಿಹಾಳ ಬರುವವರೆಗೆ ಆ ಬಸ್ಸಿನಲ್ಲಿ ನನ್ನ ಜೊತೆ ಯಾರೂ ಮಾತಾಡಲಿಲ್ಲ. ಬೇಕಾಗಿದ್ದ ಮೌನ ಸಿಕ್ಕಿತು, ಆದರೆ ಯಾಕೋ ಹಿತವಾಗಲಿಲ್ಲ.

ಶಾಂತವ್ವ ಬಾಗಿಲಲ್ಲೇ ನಿಂತಿದ್ದರು. ದಪ್ಪ ಚಾಳೀಸು, ಇಳಕಲ್ ಸೀರೆ. ನಾನು ಜಗಳಕ್ಕೆಂದು ಹೊಂದಿಸಿಕೊಂಡು ಬಂದಿದ್ದ ಮೊದಲ ವಾಕ್ಯ ಹೇಳುವ ಮೊದಲೇ ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದರು.

"ಅಗರಖೇಡದಾಗ ಬಾವಿ ಕಟ್ಟಿ ಮ್ಯಾಲ ಪುಸ್ತಕ ಹಿಡಕೊಂಡು ಕುಂಡರ್ತಿದ್ದಾಕಿ ನೀನ ಅಲ್ಲೇನ? ಬೀಳ್ತಿ ಇಳಿ ಅಂದ್ರ ನನಗ ನಾಲಿಗಿ ತಗದು ತೋರಿಸಿದ್ದಿ."

ಮುಖ ನೋಡಿಲ್ಲ ಎಂದು ನಾನು ಮಾಡಿದ್ದ ವಾದ ಅಲ್ಲಿಗೆ ಮುಗಿಯಿತು.

ಊಟಕ್ಕೆ ಹೋಳಿಗೆ ಮಾಡಿಸಿದ್ದರು. ಜೋಕಾಲಿ ಪಡಸಾಲೆಯ ನಡುವೆಯೇ ತೂಗುತ್ತಿತ್ತು. ಫೋಟೋದಲ್ಲಿದ್ದದ್ದಕ್ಕಿಂತ ಚೆನ್ನಾಗಿತ್ತು. ನಾನು ಅದರ ಮೇಲೆ ಕೂತು ಹೋಳಿಗೆ ತಿಂದೆ. ಕೊಡಿ ಎಂದೆ. ಆಗುವುದಿಲ್ಲ ಎಂದರು. ದುಡ್ಡು ತೆಗೆದುಕೊಳ್ಳಿ ಎಂದೆ. ಇನ್ನೊಂದು ಹೋಳಿಗೆ ಹಾಕಿದರು. ಹೋಳಿಗೆ ಬಾಯಲ್ಲಿಟ್ಟುಕೊಂಡು ಜಗಳ ಮಾಡಿ ನೋಡಿದ್ದೀರಾ? ಜಗಳಕ್ಕೆ ಕಸುವೇ ಬರುವುದಿಲ್ಲ.

ಹೊರಡುವ ಹೊತ್ತಿಗೆ ಶಾಂತವ್ವನ ಸೊಸೆ ಒಂದು ತಟ್ಟೆ ತಂದಳು. ಅದರಲ್ಲಿ ಖಣ, ಅಕ್ಕಿ, ಒಣಕೊಬ್ಬರಿಯ ಬಟ್ಟಲು, ಉತ್ತತ್ತಿ. ಉಡಿ ತುಂಬುವ ತಟ್ಟೆ. ನಮ್ಮವರು ಹೋದ ಮೇಲೆ ಇಂಥ ತಟ್ಟೆ ಕಂಡ ಕೂಡಲೇ ನಾನಾಗಿಯೇ ಎದ್ದು ಅಡುಗೆಮನೆಯ ಕಡೆ ಹೋಗಿಬಿಡುತ್ತೇನೆ. ಕೊಡುವವರಿಗೂ ಮುಜುಗರ ಬೇಡ, ನನಗೂ ಬೇಡ. ಅವತ್ತೂ ಎದ್ದೆ. ಇವರಿಗೆ ಗೊತ್ತಿರಲಿಕ್ಕಿಲ್ಲ ಎಂದುಕೊಂಡು, ನಮ್ಮವರು ಇಲ್ಲ ಅಕ್ಕ, ನನಗೆ ಬೇಡ ಎಂದೆ.

"ಗೊತ್ತೈತಿ," ಎಂದರು ಶಾಂತವ್ವ. "ಸೆರಗ ಹಿಡಿ."

ಹಿಡಿದೆ. ಅಕ್ಕಿ ಬಿದ್ದ ಸದ್ದು ಕೇಳಿಸಿತು. ಅವರು ಪಾಪ ಎನ್ನಲಿಲ್ಲ. ಸೊಸೆಗೆ, ಕೊಬ್ಬರಿ ಇನ್ನೊಂದು ಹಾಕು ಎಂದರು ಅಷ್ಟೇ. ನಾನು ಸೆರಗು ನೋಡುತ್ತ ನಿಂತೆ. ಜೋಕಾಲಿಯ ಮಾತು ಮರೆತೇ ಹೋಗಿತ್ತು.

ಅವರು ಮರೆತಿರಲಿಲ್ಲ. ಬಾಗಿಲವರೆಗೆ ಬಂದು, ನಿನ್ನ ಮನೆಯಲ್ಲಿ ಕಾರ್ಯ ಏನಾದರೂ ಇದೆಯೇನು ಎಂದು ಕೇಳಿದರು. ಯಾಕೆ ಎಂದೆ. ಆಗ ದಾರಿ ಹೇಳಿದರು. ಸಂಬಂಧಿಕರಿಗೆ ಮಾರುವುದು ತಪ್ಪು, ಸುಮ್ಮನೆ ಕೊಡುವುದೂ ತಪ್ಪು. ಆದರೆ ಶುಭಕಾರ್ಯದಲ್ಲಿ ಉಡುಗೊರೆ ಎಂದು ಆಯೇರಿ ಮಾಡಬಹುದು. ಆಯೇರಿ ಅಂದಮೇಲೆ ಸೀರೆಯೂ ಆಯೇರಿ, ಪಾತ್ರೆಯೂ ಆಯೇರಿ, ಜೋಕಾಲಿಯೂ ಆಯೇರಿ. ತಂಗಿಯರು ಬಾಯಿ ತೆಗೆಯುವ ಹಾಗಿಲ್ಲ. ಮುಂದೆ ಇವರ ಮನೆಯಲ್ಲಿ ಕಾರ್ಯವಾದಾಗ ನಾನು ನನ್ನ ಶಕ್ತಿಯಂತೆ ತಿರುಗಿ ಆಯೇರಿ ಮಾಡಿದರಾಯಿತು. ಎಷ್ಟು ಮಾಡಬೇಕೆಂಬುದನ್ನು ಯಾರೂ ಹೇಳುವುದಿಲ್ಲ. (ಹರಾಜಿನಲ್ಲಿ ನಾನು ಎಷ್ಟು ಕೂಗಿದ್ದೆನೆಂದು ಇಬ್ಬರಿಗೂ ಗೊತ್ತು.)

ಈಗ ನನಗೆ ಬೇಕಾಗಿದ್ದು ಜೋಕಾಲಿಯಲ್ಲ, ಒಂದು ಕಾರ್ಯ. ಎಲ್ಲಿಂದ ತರುವುದು? ಮಗಳ ಮದುವೆ ಯಾವಾಗಲೋ ಮುಗಿದಿದೆ. ಅವಳ ಕೂಸಿನ ಹೆಸರಿಡುವುದೂ ಆಗಿಹೋಗಿದೆ. ನನ್ನ ನಿವೃತ್ತಿ ಇನ್ನೂ ದೂರ. ದಾರಿ ತೋರಿಸಿದವರು ಇತಿಹಾಸದ ರಫೀಕ್ ಸರ್. ಈ ಮನೆ ಕೊಂಡಾಗ ಪ್ರವೇಶ ಮಾಡಿದ್ದಿರಾ ಎಂದು ಕೇಳಿದರು. ಪರೀಕ್ಷೆಯ ಗಡಿಬಿಡಿಯಲ್ಲಿ ಹಾಲು ಉಕ್ಕಿಸಿ ಒಳಗೆ ಬಂದಿದ್ದೆವು, ಊಟ ಹಾಕಿಸಿರಲಿಲ್ಲ. ಹಾಗಾದರೆ ಬಾಕಿ ಇದೆ ಎಂದರು.

ಹೀಗೆ, ಬಹಳ ವರ್ಷಗಳಿಂದ ನಾನು ವಾಸವಾಗಿರುವ ಮನೆಗೆ ನಾನೇ ಗೃಹಪ್ರವೇಶ ಮಾಡಿದೆ. ಬಾಗಿಲಿಗೆ ಮಾವಿನ ತೋರಣ. ಅಂಗಳದಲ್ಲಿ ಶಾಮಿಯಾನ. ದಿನಾ ಸಂಜೆ ನನ್ನ ಪಡಸಾಲೆಯಲ್ಲಿ ಕೂತು ಚಹಾ ಕುಡಿಯುವ ಪಕ್ಕದ ಮನೆಯಾಕೆ ಹೊಸ ಸೀರೆ ಉಟ್ಟು ಬಂದು, ಅಡುಗೆಮನೆಯನ್ನೂ ಬಚ್ಚಲನ್ನೂ ಇಣುಕಿ ನೋಡಿ, ಮನೆ ಚೆನ್ನಾಗಿದೆ ಎಂದರು. ಬಾಡಿಗೆ ಎಷ್ಟು ಬರಬಹುದು ಎಂದು ಅವರ ಯಜಮಾನರು ಲೆಕ್ಕ ಹಾಕಿದರು. ಬಡಗಿಯೂ ಬಂದ, ಊಟ ಮಾಡಿ ಹೋದ. ನನಗೆ ಸ್ಟೀಲಿನ ಬಕೆಟ್‌ಗಳು, ಗೋಡೆ ಗಡಿಯಾರಗಳು ಬೇಕಾದಷ್ಟು ಬಂದವು. ಮಧ್ಯಾಹ್ನ ಮುದ್ದೇಬಿಹಾಳದಿಂದ ಟೆಂಪೋ ಬಂತು. ಹಿಂದೆ ಜೋಕಾಲಿ, ಮುಂದೆ ಶಾಂತವ್ವ. ರಫೀಕ್ ಸರ್ ಹಾಗೂ ಮಲ್ಲಿಕಾರ್ಜುನ ಸ್ಟೂಲು ಹತ್ತಿ ಸರಪಳಿ ಹಾಕಿದರು. ಶಾಂತವ್ವ ಎಲ್ಲರೆದುರು ಮಣೆಗೆ ಕುಂಕುಮ ಹಚ್ಚಿ, ಆಯೇರಿ ಎಂದು ಗಟ್ಟಿಯಾಗಿ ಹೇಳಿದರು. ಅವರ ಸ್ವಂತ ತಂಗಿಯರು ಇಬ್ಬರೂ ಬಂದಿದ್ದರು. ಬಾಯಿ ತೆಗೆಯಲಿಲ್ಲ.

ಖರ್ಚು ಎಷ್ಟಾಯಿತು ಎಂದು ಕೇಳಬೇಡಿ. ಅಷ್ಟಕ್ಕೆ ಹೊಸ ಜೋಕಾಲಿ ಬರುತ್ತಿತ್ತು ಎಂದು ಹೇಳಿದರೆ ಸಾಕು. ಮುಂದಿನ ತಿಂಗಳು ಮಲ್ಲಿಕಾರ್ಜುನನ ಮಗನ ಜಾವಳವಿದೆ, ಮೊದಲ ಸಲ ಕೂದಲು ತೆಗೆಸುವ ಕಾರ್ಯ. ಆಯೇರಿಯ ಲಕೋಟೆ ಈಗಲೇ ತಯಾರಾಗಿದೆ. ಕೂಗಿದ್ದಷ್ಟೇ ಇಟ್ಟಿದ್ದೇನೆ, ಮೇಲೆ ಒಂದು ರೂಪಾಯಿ.

ಪಾಪ ಮಲ್ಲಿಕಾರ್ಜುನನ ಸ್ಟಾರು ಐದರಿಂದ ಮೂರಕ್ಕೆ ಇಳಿದಿದೆ. ಈಗ ಅವನು ಯಾವ ಸಾಮಾನು ಹರಾಜಿಗೆ ಹಾಕಿದರೂ ಕೆಳಗೆ ಒಂದು ಸಾಲು ಬರೆಯುತ್ತಾನೆ: 'ವಿಜಯಪುರ ಜಿಲ್ಲೆಯವರು ದಯವಿಟ್ಟು ಕೂಗಬಾರದು.'

ಇನ್ನೊಂದು ಸಂಗತಿ. ನಮ್ಮ ಮನೆಯ ತೊಲೆ ಅವರ ಮನೆಯದಕ್ಕಿಂತ ತಗ್ಗಿನಲ್ಲಿದೆ. ಹಾಗಾಗಿ ಇಲ್ಲಿ ಜೋಕಾಲಿ ನೆಲಕ್ಕೆ ಹತ್ತಿರವಾಗಿ ತೂಗುತ್ತದೆ. ಶಾಂತವ್ವನ ಮೊಣಕಾಲಿಗೆ ಹೇಳಿ ಮಾಡಿಸಿದ ಎತ್ತರ. ಗೃಹಪ್ರವೇಶದ ದಿನ ಒಮ್ಮೆ ಕೂತು ನೋಡಿದರು, ನೋವಾಗಲಿಲ್ಲ. ಟೆಂಪೋ ಅವರಿಲ್ಲದೆಯೇ ಹಿಂದಿರುಗಿತು. ನಾಲ್ಕು ದಿನ ಇದ್ದು ಬರುತ್ತೇನೆಂದು ಮಗನಿಗೆ ಹೇಳಿದ್ದರು. ಆ ನಾಲ್ಕು ದಿನ ಇನ್ನೂ ನಡೆಯುತ್ತಿವೆ. ನಾನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಅವರು ಜೋಕಾಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಾರೆ.

ಈಗಷ್ಟೇ, ಯಾರ ಬಗ್ಗೆ ಬರೆಯುತ್ತಿದ್ದೀ ಎಂದು ಕೇಳಿದರು. ಯಾರೋ ಹೊರಗಿನವರು ಅಕ್ಕ ಎಂದೆ.

ಅವರ ಕೈ ನಿಂತಿತು. "ಹೊರಗಿನವರಂದ್ರ, ಯಾರ ಪೈಕಿ?"